ಹಾಸನದ ಒಂದು ಡೇ ಕೇರ್: ಹತ್ತು ತಿಂಗಳ ಅನುಭವ

ಸಾಲಗಾಮೆ ರಸ್ತೆಯಿಂದ ಒಳಕ್ಕೆ ತಿರುಗುವ ಬಡಾವಣೆಯೊಂದರಲ್ಲಿ, ಕೆಂಪು ಗಾರೆ ನೆಲದ ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದು ನಡೆಸುತ್ತಿರುವ ಡೇ ಕೇರ್‌ಗೆ ನನ್ನ ಮಗಳನ್ನು ಕಳುಹಿಸಲಾರಂಭಿಸಿ ಹತ್ತು ತಿಂಗಳಾಯಿತು. ನನ್ನ ಬಳಿ ದೂರುಗಳೂ ಇರುವುದರಿಂದ ಹೆಸರು ಬರೆಯುವುದಿಲ್ಲ. ಇಂಥ ಕೇಂದ್ರವನ್ನು ಹುಡುಕುತ್ತಿರುವ ತಂದೆತಾಯಂದಿರಿಗೆ ಕೊಡುವ ಹಣಕ್ಕೆ ಏನು ಸಿಗುತ್ತದೆ ಎಂಬುದು ತಿಳಿದರೆ ಸಾಕು.

ನಾನು ಚನ್ನರಾಯಪಟ್ಟಣದ ಬ್ಯಾಂಕ್ ಶಾಖೆಯೊಂದರಲ್ಲಿ ಕೆಲಸ ಮಾಡುತ್ತೇನೆ, ಪತಿ ಸಕಲೇಶಪುರದಲ್ಲಿ; ಬೆಳಗಾದರೆ ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ. ಇಪ್ಪತ್ತಾರು ವಾರಗಳ ಹೆರಿಗೆ ರಜೆ ಮುಗಿದ ಮೇಲೆ ಅತ್ತೆಯವರು ಒಂದೂವರೆ ವರ್ಷ ನಮ್ಮೊಡನಿದ್ದು ಮಗುವನ್ನು ನೋಡಿಕೊಂಡರು. ಅರಕಲಗೂಡು ಕಡೆಯ ಊರಿನಲ್ಲಿ ಹಸುಗಳನ್ನು ಇನ್ನೊಬ್ಬರ ಕೈಯಲ್ಲಿ ಬಿಟ್ಟು, ಮಂಡಿನೋವಿನಲ್ಲಿ ಎರಡನೆಯ ಮಹಡಿಯ ಮೆಟ್ಟಿಲು ಹತ್ತಿಳಿಯುತ್ತಾ ಅವರು ಎಷ್ಟು ದಿನ ಇರಬಲ್ಲರು? ಅವರು ಹೊರಟ ನಂತರದ ನಾಲ್ಕು ತಿಂಗಳು ನನ್ನ ರಜೆ, ಪತಿಯ ರಜೆ, ನೆರೆಮನೆಯವರ ಔದಾರ್ಯ ಎಲ್ಲವೂ ಕರಗಿಹೋದವು. ಆಗಷ್ಟೇ ಮದುವೆಯಾಗಿದ್ದ ಸಹೋದ್ಯೋಗಿಯೊಬ್ಬರು ಊಟದ ಹೊತ್ತಿನಲ್ಲಿ, ಮಗುವಾದ ಮೇಲೆ ಸಂತೋಷ ಹೆಚ್ಚಾಯಿತೇ ಎಂದು ಕೇಳಿದ್ದರು. ಭಾನುವಾರ ಮಧ್ಯಾಹ್ನ ಕೇಳಿದ್ದರೆ ಹೌದು ಎನ್ನುತ್ತಿದ್ದೆನೇನೋ. ಅಂದು ಮಂಗಳವಾರ, ನಾನು ಮೊಸರನ್ನದ ಡಬ್ಬಿಯ ಮುಚ್ಚಳ ಹಾಕುವುದರಲ್ಲಿ ಮಗ್ನಳಾದೆ.

ಟೆಕ್ಸಾಸ್‌ನ 909 ಉದ್ಯೋಗಸ್ಥ ಮಹಿಳೆಯರಿಂದ ಹಿಂದಿನ ದಿನದ ಹೊತ್ತುಹೊತ್ತಿನ ಲೆಕ್ಕ ಪಡೆದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂತೋಷದ ಅಳತೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೊತ್ತು ಅಡುಗೆ ಮಾಡುವ, ಟಿ.ವಿ. ನೋಡುವ ಹೊತ್ತಿಗಿಂತ ಕೆಳಗೆ, ಮನೆಗೆಲಸಕ್ಕಿಂತ ತುಸುವೇ ಮೇಲೆ ನಿಂತಿತ್ತು. ಇದನ್ನು ಓದಿದಾಗ ಮೊದಲು ಸಿಟ್ಟು ಬಂದಿತು, ಆಮೇಲೆ ನನ್ನ ಮಂಗಳವಾರ ನೆನಪಾಯಿತು. ಸಮಾಜಶಾಸ್ತ್ರಜ್ಞೆ ಜೆನಿಫರ್ ಗ್ಲಾಸ್ ಮತ್ತು ಜೊತೆಗಾರರು 22 ದೇಶಗಳನ್ನು ಹೋಲಿಸಿ 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಒಪ್ಪಿಗೆಯಾಯಿತು: ಮಕ್ಕಳಿರುವವರ ಸಂತೋಷ ಇಲ್ಲದವರದಕ್ಕಿಂತ ಕಡಿಮೆಯಿರುವ ಅಂತರ ಅಮೆರಿಕದಲ್ಲಿ ಅತಿ ದೊಡ್ಡದು, ಸಂಬಳಸಹಿತ ರಜೆಯೂ ಕೈಗೆಟುಕುವ ಶಿಶುಪಾಲನೆಯೂ ಇರುವ ದೇಶಗಳಲ್ಲಿ ಆ ಅಂತರ ಕಿರಿದಾಗುತ್ತದೆ, ಕೆಲವೆಡೆ ಇಲ್ಲವೇ ಆಗುತ್ತದೆ. ಆ ಪಟ್ಟಿಯಲ್ಲಿ ಭಾರತವಿಲ್ಲ. ಆದರೂ ನಮ್ಮ ಮನೆಯ ಮಟ್ಟಿಗೆ ಅದರ ತೀರ್ಮಾನವನ್ನು ತಿಂಗಳಿಗೆ 4,500 ರೂಪಾಯಿ ಕೊಟ್ಟು ಪರೀಕ್ಷಿಸಿ ನೋಡಿದ್ದೇನೆ.

ಕೇಂದ್ರದಲ್ಲಿ ಹದಿನಾಲ್ಕು ಮಕ್ಕಳು, ಮೂವರು ಹೆಂಗಸರು. ಹತ್ತು ಗಂಟೆಗೆ ರಾಗಿ ಸರಿ, ಮಧ್ಯಾಹ್ನ ಮೆತ್ತಗಿನ ಅನ್ನಕ್ಕೆ ತಿಳಿಸಾರು, ತುಪ್ಪ. ಮನೆಯಿಂದ ಡಬ್ಬಿ ಕಳುಹಿಸಿದರೂ ಆಕ್ಷೇಪವಿಲ್ಲ. ಊಟವಾದ ಮೇಲೆ ಚಾಪೆಗಳ ಮೇಲೆ ಸಾಲಾಗಿ ಮಲಗಿಸುತ್ತಾರೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪ್ರತಿ ಮಗುವಿಗೂ ಇರುವ ನೂರು ಪುಟದ ನೋಟ್‌ಬುಕ್. ಮಗು ಎಷ್ಟು ಉಂಡಿತು, ಎಷ್ಟು ಹೊತ್ತು ಮಲಗಿತು, ಏಕೆ ಅತ್ತಿತು ಎಂಬುದನ್ನು ಅದರಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಡುತ್ತಾರೆ. ಮೊದಲ ವಾರದ ಒಂದು ಪುಟದಲ್ಲಿ, "ಮೂರು ಸಲ ಅತ್ತಳು. ಅಮ್ಮನ ಓಲೆ ಕೇಳಿದಳು" ಎಂದಿತ್ತು. ನನ್ನ ಕಿವಿಯೋಲೆ ತಿರುಗಿಸುತ್ತಾ ನಿದ್ದೆ ಹೋಗುವ ಅಭ್ಯಾಸ ಅವಳಿಗಿತ್ತು. ನಾವು ಅದನ್ನು ಯಾರಿಗೂ ಹೇಳಿರಲಿಲ್ಲ. ಮರುದಿನ ಮಲಗಿಸುವಾಗ ಅಲ್ಲಿನ ಹಿರಿಯ ಆಯಾ ಅವರು ತಮ್ಮ ಓಲೆಯನ್ನೇ ಒಡ್ಡಿದ್ದರೆಂದು ಪುಸ್ತಕದಿಂದಲೇ ತಿಳಿಯಿತು.

ದೂರುಗಳಿಗೆ ಬರುತ್ತೇನೆ. ಸೇರಿಸುವಾಗ ಮೊಬೈಲಿನಲ್ಲೇ ಕ್ಯಾಮೆರಾ ದೃಶ್ಯ ನೋಡಬಹುದೆಂದು ಹೇಳಿದ್ದರು. ಹತ್ತು ತಿಂಗಳಲ್ಲಿ ಅದು ಕೆಲಸ ಮಾಡಿದ್ದು ಎರಡು ವಾರ. ಐದು ಗಂಟೆಯ ನಂತರ ಟಿ.ವಿ. ಹಾಕಿ ಮಕ್ಕಳನ್ನು ಅದರ ಮುಂದೆ ಕೂರಿಸುತ್ತಾರೆ. ಎರಡು ಬಾರಿ ಹೇಳಿದ ಮೇಲೆ ಶಬ್ದವಷ್ಟೇ ಕಡಿಮೆಯಾಗಿದೆ. ಇವೆರಡಕ್ಕಿಂತ ದೊಡ್ಡ ತೊಂದರೆ ಸಮಯದ್ದು. ಆರು ಗಂಟೆಗೆ ಸರಿಯಾಗಿ ಗೇಟು ಹಾಕುತ್ತಾರೆ, ತಡವಾದ ಪ್ರತಿ ಅರ್ಧ ಗಂಟೆಗೆ ನೂರು ರೂಪಾಯಿ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಊರಿನ ರಸ್ತೆಗಳ ಸ್ಥಿತಿ ಗೊತ್ತಿರುವ ಯಾರೂ ಈ ನಿಯಮವನ್ನು ನ್ಯಾಯವೆನ್ನಲಾರರು. ಆ ದಿನಗಳಲ್ಲೊಮ್ಮೆ ನಾನು ಬಸ್ ಇಳಿದು ಅರ್ಧ ದಾರಿ ನಡೆದು, ಅರ್ಧ ದಾರಿ ಓಡಿ ಆರು ನಲವತ್ತಕ್ಕೆ ತಲುಪಿದಾಗ, ಮಗಳು ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದಳು. ಇನ್ನೂರು ರೂಪಾಯಿಯ ರಸೀದಿ ಆಗಲೇ ಸಿದ್ಧವಾಗಿತ್ತು.

ಸಕಲೇಶಪುರದ ಕಾಫಿ ತೋಟಗಳಂಥ ಕಡೆ ಐವತ್ತು ಮಹಿಳಾ ಕಾರ್ಮಿಕರಿದ್ದರೆ ಶಿಶುಗೃಹ ಇರಲೇಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಅದನ್ನೇ ವಿಧಿಸಿತು. ನರೇಗಾ ಕೂಲಿಕಾರರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಬಂದಿದೆ. ನಮ್ಮ ಶಾಖೆಯಲ್ಲಿರುವವರು ಹನ್ನೊಂದು ಜನ. ಹೀಗಾಗಿ ನಮ್ಮಂಥವರಿಗೆ ಅಜ್ಜಿ ಅಥವಾ ಇಂಥ ಬಾಡಿಗೆ ಮನೆ, ಮೂರನೆಯ ದಾರಿ ಸದ್ಯಕ್ಕಿಲ್ಲ.

ಇಷ್ಟರ ನಡುವೆಯೂ ಈ ಹತ್ತು ತಿಂಗಳಲ್ಲಿ ಬದಲಾದದ್ದನ್ನು ಹೇಳದಿದ್ದರೆ ವಿಮರ್ಶೆ ಪ್ರಾಮಾಣಿಕವಾಗದು. ಮಗು ಹೊಟ್ಟೆ ತುಂಬ ಉಂಡು, ಮಲಗಿ ಎದ್ದು ಮನೆಗೆ ಬರುತ್ತಾಳೆ. ಹಾಗಾಗಿ ಸಂಜೆ ಏಳರಿಂದ ಒಂಬತ್ತರವರೆಗಿನ ಹೊತ್ತು ಜಗಳವಿಲ್ಲದೆ ಕಳೆಯುತ್ತದೆ. ಅತ್ತೆಯವರು ಈಗ ತಿಂಗಳಿಗೊಮ್ಮೆ ತುಪ್ಪ, ಸೊಪ್ಪು ಹಿಡಿದು ನಿಜವಾಗಿಯೂ ಮೊಮ್ಮಗಳನ್ನು ನೋಡಲೆಂದೇ ಬರುತ್ತಾರೆ. 'ಆರತಿಗೊಬ್ಬಳು ಆಯಿತು, ಕೀರ್ತಿಗೊಬ್ಬ ಯಾವಾಗ' ಎಂದು ನೆಂಟರು ಕೇಳಿದರೆ ಮೊದಲಿನಂತೆ ಮೈ ಉರಿಯುವುದಿಲ್ಲ, ಎರಡು ಮಕ್ಕಳಿಗೆ ಶುಲ್ಕದಲ್ಲಿ ರಿಯಾಯಿತಿ ಇಲ್ಲವೆಂದು ಹೇಳಿ ಸುಮ್ಮನಾಗುತ್ತೇನೆ.

ಏಪ್ರಿಲ್‌ನಿಂದ ಆರೂವರೆಯವರೆಗೆ ತೆರೆದಿಡುವುದಾಗಿ ಹೇಳಿದ್ದಾರೆ, ಶುಲ್ಕ 5,000 ಆಗುತ್ತದಂತೆ. ಆ ಅರ್ಧ ಗಂಟೆಗಾಗಿ ಐನೂರು ಹೆಚ್ಚು ಕೊಡಲು ನಾನು ಒಪ್ಪಿದ್ದೇನೆ, ಟಿ.ವಿ.ಯ ವಿಷಯವನ್ನು ಮೂರನೆಯ ಬಾರಿ ಬರೆದು, ಮಗಳ ನೋಟ್‌ಬುಕ್ಕಿನಲ್ಲೇ ಇಟ್ಟು ಕಳುಹಿಸಿದ್ದೇನೆ.