ಹೊಟ್ಟೆಯುಬ್ಬರಕ್ಕೆ ಮೂರು ದಿನದ ಜ್ಯೂಸ್ ಪಥ್ಯ: ಪುಣೆಯಲ್ಲಿ ಕೊಂಡು ಕುಡಿದು ನೋಡಿದ್ದು

ಊಟ ಬಿಟ್ಟು ಹಣ್ಣು-ತರಕಾರಿಗಳ ರಸದ ಮೇಲೆಯೇ ಮೂರು ದಿನ ಇದ್ದರೆ ಹೊಟ್ಟೆಯುಬ್ಬರ, ಹುಳಿತೇಗು, ಮಲಬದ್ಧತೆಗಳೆಲ್ಲ ತಗ್ಗಿ ಕರುಳು ಶುದ್ಧವಾಗುತ್ತದೆ ಎಂದು ಹೇಳಿ ‘ಜ್ಯೂಸ್ ಕ್ಲೆನ್ಸ್’ ಮಾರುವ ಸಂಸ್ಥೆಗಳು ಪುಣೆಯಲ್ಲಿ ಈಗ ಹಲವು ಇವೆ. ಅಂಥದೊಂದು ಸಂಸ್ಥೆಯ ಮೂರು ದಿನದ ಯೋಜನೆಯನ್ನು ಕೋಥರೂಡಿನ ನಮ್ಮ ಮನೆಗೆ ತರಿಸಿಕೊಂಡು, ಕೊನೆಯ ದಿನದ ಒಂದು ಬಾಟಲಿಯನ್ನು ಬಿಟ್ಟರೆ ಅವರು ಕೊಟ್ಟ ನಿಯಮಗಳನ್ನು ಮುರಿಯದೆ ಪಾಲಿಸಿದೆ. ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ, ಏಕೆಂದರೆ ಇಲ್ಲಿ ಹೇಳುವ ಬಹುಪಾಲು ಮಾತುಗಳು ಆ ಒಂದು ಸಂಸ್ಥೆಗಿಂತ ಈ ಬಗೆಯ ಸರಕಿಗೇ ಅನ್ವಯಿಸುತ್ತವೆ. ನನ್ನ ತೀರ್ಮಾನವನ್ನು ಮೊದಲೇ ಹೇಳುವುದಾದರೆ, ಹೊಟ್ಟೆ ಹಗುರವಾದದ್ದು ನಿಜ, ಆದರೆ ಅದು ಬಾಟಲಿಯೊಳಗೆ ಏನಿತ್ತು ಎಂಬ ಕಾರಣಕ್ಕಲ್ಲ, ಆ ದಿನಗಳಲ್ಲಿ ತಟ್ಟೆಯಲ್ಲಿ ಏನಿರಲಿಲ್ಲ ಎಂಬ ಕಾರಣಕ್ಕೆ.

ನನ್ನ ತೊಂದರೆ ಅಪರೂಪದ್ದೇನಲ್ಲ. ಹಿಂಜವಡಿಯ ಕಚೇರಿಯಿಂದ ಮರಳಿ ರಾತ್ರಿ ಹತ್ತರ ಸುಮಾರಿಗೆ ಉಣ್ಣುವ, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಪಾವ್ ಮತ್ತು ಉಸಳಿಯನ್ನು ಅವಸರದಲ್ಲಿ ನುಂಗುವ, ನಡುನಡುವೆ ಹಾಲು ಹಾಕಿದ ಚಹಾ ಕುಡಿಯುತ್ತಲೇ ಇರುವ ಜನರಿಗೆ ಸಂಜೆಯ ಹೊತ್ತಿಗೆ ಹೊಟ್ಟೆ ಉಬ್ಬಿ ಬೆಲ್ಟು ಬಿಗಿಯಾಗುವುದನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ದಿನಕ್ಕೆ 250 ಮಿಲಿಲೀಟರಿನ ಆರು ಬಾಟಲಿಗಳು ಬರುತ್ತವೆ, ಪ್ರತಿ ಬಾಟಲಿಯ ಮೇಲೆ ಕುಡಿಯಬೇಕಾದ ಕ್ರಮಸಂಖ್ಯೆ ಇರುತ್ತದೆ. ಮೊದಲನೆಯದು ಸೌತೆಕಾಯಿ, ಪಾಲಕ್, ಪುದೀನ, ಹಸಿರು ಸೇಬು ಮತ್ತು ನಿಂಬೆಯದು. ಪಾಲಕ್ ಇದೆ ಎಂದು ಹೆದರುವ ಅಗತ್ಯವಿಲ್ಲ, ನಾಲಿಗೆಗೆ ತಾಗುವುದು ಸೇಬು ಮತ್ತು ಪುದೀನ ಮಾತ್ರ. ಎರಡನೆಯದು ಅನಾನಸ್ ಮತ್ತು ಶುಂಠಿ. ರುಚಿ ಚೆನ್ನಾಗಿದೆ, ಆದರೆ ಖಾಲಿ ಹೊಟ್ಟೆಗೆ ಹುಳಿ ಹೆಚ್ಚಾಯಿತು. ಮೂರನೆಯದಾದ ಬೀಟ್‌ರೂಟ್, ಗಜ್ಜರಿ, ಸೇಬಿನ ರಸ ಸಿಹಿಯಾಗಿ, ಸ್ವಲ್ಪ ಮಣ್ಣಿನ ವಾಸನೆಯಿಂದ ಕೂಡಿತ್ತು. ಇದನ್ನು ಕುಡಿದ ಮರುದಿನ ಮಲ-ಮೂತ್ರ ಕೆಂಪಗಾದರೆ ಗಾಬರಿಯಾಗಬಾರದು, ಅದು ಬೀಟ್‌ರೂಟಿನ ಬಣ್ಣ. ಸಂಸ್ಥೆಯವರು ಇದನ್ನು ಎಲ್ಲಿಯೂ ಮುದ್ರಿಸಿಲ್ಲದಿರುವುದು ಆಶ್ಚರ್ಯ. ನಾಲ್ಕನೆಯದು ಸೋರೆಕಾಯಿ ಮತ್ತು ನೆಲ್ಲಿಕಾಯಿಯದು, ಅದರ ವಿಚಾರ ಮುಂದೆ ಬರುತ್ತದೆ. ಐದನೆಯದು ಕಲ್ಲಂಗಡಿ ಮತ್ತು ಪೇರ್. ಕೊನೆಯದು ಬಾದಾಮಿಯನ್ನು ನೆನೆಸಿ ರುಬ್ಬಿ ಸೋಸಿದ ಹಾಲಿಗೆ ಖರ್ಜೂರ, ಏಲಕ್ಕಿ ಹಾಕಿದ್ದು. ದಿನವಿಡೀ ನೀರಿನಂಥ ರಸವನ್ನೇ ಕುಡಿದವನಿಗೆ ರಾತ್ರಿ ಅದು ಹಬ್ಬದ ಪಾಯಸದಷ್ಟು ಹಿತವೆನಿಸಿತು. ಇಡೀ ಯೋಜನೆಯಲ್ಲಿ ಮತ್ತೆ ಬೇಕೆನಿಸಿದ ಬಾಟಲಿ ಅದೊಂದೇ.

ಮೊದಲ ದಿನ ಮಧ್ಯಾಹ್ನದಿಂದ ತಲೆನೋವು ಶುರುವಾಗಿ ಎರಡನೆಯ ದಿನ ಜೋರಾಯಿತು. ವಾಟ್ಸ್‌ಆ್ಯಪಿನಲ್ಲಿ ಕೇಳಿದಾಗ ಸಂಸ್ಥೆಯ ಆಹಾರ ಸಲಹೆಗಾರರು, ಅದು ದೇಹದಿಂದ ವಿಷಾಂಶಗಳು ಹೊರಹೋಗುತ್ತಿರುವ ಲಕ್ಷಣ, ಒಳ್ಳೆಯದೇ ಎಂದು ಉತ್ತರಿಸಿದರು. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ನಿತ್ಯ ಚಹಾ-ಕಾಫಿ ಕುಡಿಯುವವರು ಅದನ್ನು ಒಮ್ಮೆಗೇ ನಿಲ್ಲಿಸಿದರೆ ಅರ್ಧ ದಿನದಿಂದ ಒಂದು ದಿನದೊಳಗೆ ತಲೆನೋವು ಕಾಣಿಸಿಕೊಂಡು ಮರುದಿನದ ಹೊತ್ತಿಗೆ ಹೆಚ್ಚಾಗುವುದು ಕೆಫೀನ್ ಬಿಟ್ಟಾಗಿನ ಸಾಮಾನ್ಯ ಪರಿಣಾಮ. ಜೊತೆಗೆ ಹಸಿವೂ ಇತ್ತು. ದೇಹದ ತ್ಯಾಜ್ಯಗಳನ್ನು ಹೊರಹಾಕುವ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ರಸ ಕುಡಿದರೂ ಕುಡಿಯದಿದ್ದರೂ ಮಾಡುತ್ತಲೇ ಇರುತ್ತವೆ. ಯಾವ ವಿಷಾಂಶ, ಎಷ್ಟು ಪ್ರಮಾಣದಲ್ಲಿ, ಯಾವ ದಾರಿಯಿಂದ ಹೊರಹೋಯಿತು ಎಂಬ ನನ್ನ ಮರುಪ್ರಶ್ನೆಗೆ ನಗುಮುಖದ ಚಿತ್ರವೊಂದು ಬಂತು.

ಹೊಟ್ಟೆಯ ವಿಚಾರಕ್ಕೆ ಬಂದರೆ, ಮೊದಲ ದಿನದ ಸಂಜೆಗೇ ಬಿಗಿತ ಗಣನೀಯವಾಗಿ ತಗ್ಗಿತ್ತು. ಎರಡನೆಯ ದಿನವೂ ಮಧ್ಯಾಹ್ನದವರೆಗೆ ಹಾಗೆಯೇ ಇದ್ದು, ಐದನೆಯ ಬಾಟಲಿಯಾದ ಮೇಲೆ ಗುಡುಗುಡು ಸದ್ದು, ವಾಯು, ಆಮೇಲೆ ತೆಳುವಾದ ಭೇದಿ ಆದವು. ಮೂರನೆಯ ದಿನವೂ ಅದೇ ಬಾಟಲಿಯ ನಂತರ ಅದೇ ಅನುಭವ. ಒಂದೇ ಪಥ್ಯ ಒಂದು ಹೊತ್ತಿನಲ್ಲಿ ಹೊಟ್ಟೆಯನ್ನು ಇಳಿಸಿ ಇನ್ನೊಂದು ಹೊತ್ತಿನಲ್ಲಿ ಏಕೆ ಉಬ್ಬಿಸುತ್ತದೆ ಎಂಬುದೇ ಈ ಸರಕನ್ನು ಅರ್ಥಮಾಡಿಕೊಳ್ಳುವ ದಾರಿ.

ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೆಯಾಗದೆ ದೊಡ್ಡ ಕರುಳಿಗೆ ಇಳಿಯುವ ಕೆಲವು ಬಗೆಯ ಸಕ್ಕರೆಗಳು ಮತ್ತು ಕಿರುಸರಪಳಿಯ ಶರ್ಕರಪಿಷ್ಟಗಳಿವೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅವುಗಳನ್ನು ಹುದುಗಿಸಿದಾಗ ಜಲಜನಕ, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಉಂಟಾಗುತ್ತವೆ. ಅವು ಕರುಳಿನೊಳಕ್ಕೆ ನೀರನ್ನೂ ಎಳೆಯುತ್ತವೆ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಇವುಗಳನ್ನು ಒಟ್ಟಾಗಿ ಫಾಡ್‌ಮ್ಯಾಪ್ ಎಂದು ಕರೆದು, ಯಾವ ಆಹಾರದಲ್ಲಿ ಅವು ಎಷ್ಟಿವೆ ಎಂದು ಅಳೆದಿದ್ದಾರೆ. ಗೋಧಿ, ಈರುಳ್ಳಿ, ಬೆಳ್ಳುಳ್ಳಿಗಳಲ್ಲಿ ಫ್ರಕ್ಟಾನ್, ಕಾಳುಗಳಲ್ಲಿ ಗ್ಯಾಲಕ್ಟೋ-ಆಲಿಗೋಸ್ಯಾಕರೈಡ್, ಹಾಲಿನಲ್ಲಿ ಲ್ಯಾಕ್ಟೋಸ್ ಇರುತ್ತದೆ. ಈಗ ನನ್ನ ಮಾಮೂಲು ದಿನವನ್ನು ನೋಡಿ: ಪಾವ್, ಮಟಕಿ ಕಾಳಿನ ಉಸಳಿ, ಮೇಲೆ ಹಸಿ ಈರುಳ್ಳಿ, ಬೆಳ್ಳುಳ್ಳಿಯ ಚಟ್ನಿ, ಹಾಲಿನ ಚಹಾ. ಜ್ಯೂಸ್ ಪಥ್ಯದ ದಿನಗಳಲ್ಲಿ ಇವೆಲ್ಲವೂ ಒಮ್ಮೆಗೇ ನಿಂತವು, ಒಟ್ಟು ಆಹಾರದ ಗಾತ್ರವೂ ಕುಗ್ಗಿತು, ತಡರಾತ್ರಿಯ ಊಟವೂ ತಪ್ಪಿತು. ಹೊಟ್ಟೆ ಇಳಿಯದೆ ಇನ್ನೇನಾದೀತು?

ಇನ್ನು ಐದನೆಯ ಬಾಟಲಿ. ಸೇಬು, ಪೇರ್, ಮಾವು, ಕಲ್ಲಂಗಡಿಗಳಲ್ಲಿ ಗ್ಲೂಕೋಸಿಗಿಂತ ಫ್ರಕ್ಟೋಸ್ ಹೆಚ್ಚು, ಮತ್ತು ಹೀಗೆ ಮಿಕ್ಕ ಫ್ರಕ್ಟೋಸನ್ನು ಹೀರಿಕೊಳ್ಳುವ ಶಕ್ತಿ ಅನೇಕರಲ್ಲಿ ಸೀಮಿತ. ಸೇಬು ಮತ್ತು ಪೇರ್‌ಗಳಲ್ಲಿ ಸಾರ್ಬಿಟಾಲ್ ಕೂಡ ಇದೆ. ಸಕ್ಕರೆರಹಿತ ಮಿಠಾಯಿಗಳನ್ನು ಹೆಚ್ಚು ತಿಂದರೆ ಭೇದಿಯಾಗುವುದು ಇದೇ ಬಗೆಯ ವಸ್ತುವಿನಿಂದ. ಇಡೀ ಪೇರ್ ಹಣ್ಣನ್ನು ಅಗಿದು ತಿನ್ನುವಾಗ ಒಂದಕ್ಕೇ ಸಾಕೆನಿಸುತ್ತದೆ, ರಸವಾದರೆ ಹಲವು ಹಣ್ಣುಗಳ ಸಕ್ಕರೆ ಎರಡು ನಿಮಿಷದಲ್ಲಿ ಹೊಟ್ಟೆ ಸೇರುತ್ತದೆ. ಹೊಟ್ಟೆಯುಬ್ಬರಕ್ಕೆಂದು ಮಾರುವ ಯೋಜನೆಯಲ್ಲಿ ಸೇಬು ಎರಡು ಬಾಟಲಿಗಳಲ್ಲಿ, ಪೇರ್ ಮತ್ತು ಕಲ್ಲಂಗಡಿ ಇನ್ನೊಂದರಲ್ಲಿ ಇರುವುದನ್ನು ನೋಡಿದರೆ, ಪಾಕವನ್ನು ಗೊತ್ತುಮಾಡಿದವರು ಬಣ್ಣ ಮತ್ತು ರುಚಿಯನ್ನು ಯೋಚಿಸಿದಷ್ಟು ಕರುಳನ್ನು ಯೋಚಿಸಿಲ್ಲ ಎಂದು ಹೇಳಲೇಬೇಕು.

ಸಕ್ಕರೆಯ ಲೆಕ್ಕವೂ ಹಿತಕರವಾಗಿಲ್ಲ. ಬಾಟಲಿಗಳ ಮೇಲೆ ‘ಸಕ್ಕರೆ ಸೇರಿಸಿಲ್ಲ’ ಎಂದು ದೊಡ್ಡ ಅಕ್ಷರದಲ್ಲಿದೆ, ಹಿಂಬದಿಯ ಪಟ್ಟಿಯನ್ನು ಕೂಡಿಸಿದರೆ ದಿನದ ಮೊತ್ತ 100 ಗ್ರಾಂ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯು ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನೂ ಮೇಲಿಂದ ಬೆರೆಸಿದ ಸಕ್ಕರೆಯ ಸಾಲಿಗೇ ಸೇರಿಸಿ ‘ಮುಕ್ತ ಸಕ್ಕರೆ’ಯೆಂದು ಎಣಿಸುತ್ತದೆ, ಅದು ದಿನದ ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕೆನ್ನುತ್ತದೆ. 2000 ಕ್ಯಾಲರಿಯ ಆಹಾರದಲ್ಲಿ ಅದು 50 ಗ್ರಾಂ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಕೂಡ ರಸಕ್ಕಿಂತ ಇಡೀ ಹಣ್ಣೇ ಮೇಲೆನ್ನುತ್ತದೆ, ಕಬ್ಬಿನ ಹಾಲಿನ 100 ಮಿಲಿಲೀಟರಿನಲ್ಲಿ 13ರಿಂದ 15 ಗ್ರಾಂ ಸಕ್ಕರೆ ಇರುವುದರಿಂದ ಅದನ್ನು ಮಿತಗೊಳಿಸಲು ಹೇಳುತ್ತದೆ. ನನ್ನ ಅನಾನಸ್ ಬಾಟಲಿಯ ಮೇಲೆ ಅಚ್ಚಾದ ಅಂಕಿ ಅದಕ್ಕಿಂತ ಬಹಳ ದೂರವೇನೂ ಇರಲಿಲ್ಲ. ನಮ್ಮ ಬೀದಿಯ ರಸವಂತಿ ಗೃಹದಲ್ಲಿ ಗೆಜ್ಜೆ ಕಟ್ಟಿದ ಯಂತ್ರದಿಂದ ಇಳಿಯುವ ಕಬ್ಬಿನ ಹಾಲನ್ನು ಕಂಡು ಮೂಗು ಮುರಿಯುವವರು ಇದನ್ನು ಆರೋಗ್ಯದ ಹೆಸರಿನಲ್ಲಿ ಕುಡಿಯುತ್ತಾರೆ ಎಂಬುದು ನನಗೆ ತಮಾಷೆಯಾಗಿ ಕಂಡಿತು.

‘ಕೋಲ್ಡ್ ಪ್ರೆಸ್ಡ್’ ಎಂಬ ಮಾತಿಗೆ ಸಲ್ಲುವಷ್ಟು ಮರ್ಯಾದೆ ಸಲ್ಲಲಿ: ನಿಧಾನವಾಗಿ ಒತ್ತಿ ಹಿಂಡಿದ ರಸದಲ್ಲಿ ನೊರೆ ಕಡಿಮೆ, ರುಚಿ ತಾಜಾ. ಆದರೆ ಹಿಂಡಿ ಉಳಿದ ಚರಟದೊಡನೆ ಹೆಚ್ಚಿನ ನಾರೂ ಹೊರಹೋಗುತ್ತದೆ, ಮಲಬದ್ಧತೆಯಿರುವವರಿಗೆ ಬೇಕಾದದ್ದು ಆ ನಾರೇ. ರಸದಲ್ಲಿರುವ ಜೀವಂತ ಕಿಣ್ವಗಳು ಜೀರ್ಣಕ್ಕೆ ನೆರವಾಗುತ್ತವೆ ಎಂಬ ಕರಪತ್ರದ ವಾಕ್ಯವೂ ನಿಲ್ಲುವಂಥದ್ದಲ್ಲ, ಏಕೆಂದರೆ ಕಿಣ್ವಗಳು ಪ್ರೋಟೀನುಗಳು, ಜಠರದ ಆಮ್ಲವು ಬಹುಪಾಲು ಅವುಗಳನ್ನೂ ಒಡೆದುಹಾಕುತ್ತದೆ. ಪ್ರೋಟೀನಿನ ಮಾತು ಬಂದದ್ದರಿಂದ ಹೇಳುತ್ತೇನೆ: 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಬೇಕು, ಬಾದಾಮಿ ಹಾಲನ್ನು ಬಿಟ್ಟರೆ ಈ ಬಾಟಲಿಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ತೂಕ ಇಳಿಯಿತೇ ಎಂದು ಕೇಳುವವರಿಗೆ, ಇಳಿಯಿತು, ಮತ್ತೆ ರೊಟ್ಟಿ-ಅನ್ನ ಶುರುವಾದೊಡನೆ ಮರಳಿಯೂ ಬಂತು. ದೇಹ ಸಕ್ಕರೆಯನ್ನು ಕೂಡಿಡುವ ರೂಪವಾದ ಗ್ಲೈಕೋಜನ್ನಿನ ಪ್ರತಿ ಗ್ರಾಮಿನೊಡನೆ ಸುಮಾರು 3 ಗ್ರಾಂ ನೀರೂ ಇರುತ್ತದೆ, ಕಡಿಮೆ ತಿಂದಾಗ ಮೊದಲು ಕರಗುವುದು ಅದೇ.

ನಾಲ್ಕನೆಯ ಬಾಟಲಿಯ ಬಗ್ಗೆ ನನ್ನ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ಇಲ್ಲಿ ದೂಧಿ ಎಂದು ಕರೆಯುವ ಸೋರೆಕಾಯಿಯ ರಸವನ್ನು ಬೆಳಗಿನ ವಾಯುವಿಹಾರದವರು ಬಹಳ ಮೆಚ್ಚುತ್ತಾರೆ. ಆದರೆ ಕೆಲವು ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಹೆಚ್ಚಾಗಿರುತ್ತದೆ. ಅಂಥ ರಸ ಕುಡಿದು ರಕ್ತವಾಂತಿಯಾಗಿ, ರಕ್ತದೊತ್ತಡ ಕುಸಿದು ಜನ ಸತ್ತ ಪ್ರಕರಣಗಳು ನಮ್ಮ ದೇಶದಲ್ಲಿ ನಡೆದ ಮೇಲೆ ಐಸಿಎಂಆರ್ ತಜ್ಞರ ಸಮಿತಿಯನ್ನೇ ನೇಮಿಸಿತ್ತು. ಸಮಿತಿಯ ಸಲಹೆ ಸರಳವಾಗಿತ್ತು: ಕಾಯಿಯ ಚೂರನ್ನು ಮೊದಲು ರುಚಿ ನೋಡಿ, ಕಹಿಯಿದ್ದರೆ ಎಸೆಯಿರಿ, ಬೇರೆ ರಸದೊಡನೆ ಬೆರೆಸಬೇಡಿ. ನನ್ನ ಬಾಟಲಿಯಲ್ಲಿ ಸೋರೆಕಾಯಿಗೆ ನೆಲ್ಲಿಕಾಯಿ, ಶುಂಠಿ, ನಿಂಬೆಗಳನ್ನು ಬೆರೆಸಲಾಗಿತ್ತು, ಅಂದರೆ ಕಹಿಯಿದ್ದರೂ ಕುಡಿಯುವವನಿಗೆ ಗೊತ್ತಾಗದಂತೆ. ಪ್ರತಿ ಕಾಯಿಯನ್ನೂ ರುಚಿ ನೋಡುತ್ತೀರಾ ಎಂದು ಕೇಳಿದ್ದಕ್ಕೆ ‘ಗುಣಮಟ್ಟದ ಪರೀಕ್ಷೆ ಇದೆ’ ಎಂಬ ಉತ್ತರವಷ್ಟೇ ದೊರೆಯಿತು. ಕೊನೆಯ ದಿನ ಆ ಬಾಟಲಿಯನ್ನು ನಾನು ತೆರೆಯಲಿಲ್ಲ.

ಸೇವೆಯಲ್ಲಿ ಹೆಚ್ಚಿನ ದೋಷವಿಲ್ಲ. ಬಾಟಲಿಗಳು ಮುಂಜಾನೆಯೇ ತಂಪುಚೀಲದಲ್ಲಿ ಬರುತ್ತವೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಪ್ರತಿಯೊಂದರ ಮೇಲೂ ಇದೆ. ಒಂದು ದಿನ ಮಾತ್ರ ಚೀಲ ತಡವಾಗಿ, ಮಂಜು ಪೂರ್ತಿ ಕರಗಿದ ಮೇಲೆ ತಲುಪಿತು. ಪಾಶ್ಚರೀಕರಣವಿಲ್ಲದ ರಸಕ್ಕೆ ಇದು ಸಣ್ಣ ಲೋಪವಲ್ಲ. ಬೆಲೆ ಮೂರು ದಿನಕ್ಕೆ ಸುಮಾರು 4500 ರೂಪಾಯಿ. ಧಾರವಾಡದಲ್ಲಿರುವ ಅವ್ವನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ, “ರೊಕ್ಕಾ ಕೊಟ್ಟು ಯಾರರೆ ಉಪವಾಸ ಮಾಡ್ತಾರೇನೋ ತಮ್ಮಾ?” ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ.

ರಸೋಪವಾಸವೆಂಬುದೇ ಪುಣೆಗೆ ಹೊಸದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಗಾಂಧೀಜಿ 1946ರಲ್ಲಿ ಸಮೀಪದ ಉರುಳಿಕಾಂಚನದಲ್ಲಿ ನಿಸರ್ಗೋಪಚಾರ ಆಶ್ರಮವನ್ನು ಆರಂಭಿಸಿದರು, ನಗರದ ಬಾಪು ಭವನದಲ್ಲಿ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆಯಿದೆ. ಆ ಪದ್ಧತಿಯ ಎಲ್ಲ ಪ್ರತಿಪಾದನೆಗಳನ್ನು ಒಪ್ಪಬೇಕಾಗಿಲ್ಲ. ಆದರೂ ಅಂಥ ಕೇಂದ್ರದಲ್ಲಿ ವೈದ್ಯರು ರೋಗಿಯನ್ನು ಕಂಡು, ಸಕ್ಕರೆ ಕಾಯಿಲೆ ಇದೆಯೇ, ಯಾವ ಔಷಧಿ ನಡೆದಿದೆ ಎಂದು ವಿಚಾರಿಸಿಯೇ ಉಪವಾಸ ಹಾಕುತ್ತಾರೆ. ನನ್ನಿಂದ ಹಣ ಪಡೆದ ಸಂಸ್ಥೆ ಕೇಳಿದ್ದು ವಿಳಾಸ ಮತ್ತು ಪಿನ್‌ಕೋಡ್ ಮಾತ್ರ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಅಥವಾ ಆಕ್ಸಲೇಟ್ ಕಲ್ಲುಗಳಿರುವವರು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುವವರು, ಗರ್ಭಿಣಿಯರು ಇದನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಪಾಲಕ್, ಬೀಟ್‌ರೂಟ್‌ಗಳ ಆಕ್ಸಲೇಟ್, ರಸಗಳ ಪೊಟ್ಯಾಸಿಯಮ್, ಪಾಲಕ್‌ನ ವಿಟಮಿನ್ ಕೆ ಇವು ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಕೆಡುಕು ಮಾಡಬಲ್ಲವು. ಮಲದಲ್ಲಿ ರಕ್ತ, ಕಾರಣವಿಲ್ಲದ ತೂಕ ಇಳಿಕೆ, ರಕ್ತಹೀನತೆ, ನುಂಗಲು ಕಷ್ಟ ಇವುಗಳಲ್ಲಿ ಯಾವುದಾದರೂ ಇದ್ದರೆ, ಅಥವಾ ಐವತ್ತು ದಾಟಿದ ಮಹಿಳೆಯರಲ್ಲಿ ಹೊಟ್ಟೆಯುಬ್ಬರ ಹೊಸದಾಗಿ ಬಂದು ಉಳಿದುಕೊಂಡರೆ, ಮೂರು ದಿನ ರಸ ಕುಡಿದು ಕಾಯುವುದೂ ತಡವೇ.

ನನಗೆ ಕೊನೆಗೆ ಉಪಯೋಗಕ್ಕೆ ಬಂದದ್ದು ಪಥ್ಯ ಮುಗಿದ ನಂತರದ ವಾರಗಳು. ಬಿಟ್ಟ ಪದಾರ್ಥಗಳನ್ನು ಒಂದೊಂದಾಗಿ ಊಟಕ್ಕೆ ಮರಳಿ ಸೇರಿಸುತ್ತ ಹೋದಾಗ ಹಸಿ ಈರುಳ್ಳಿ ಮತ್ತು ಹಾಲಿನ ಚಹಾ ಕೂಡಿದ ದಿನಗಳಲ್ಲೇ ಉಬ್ಬರ ಮರಳುವುದು ತಿಳಿಯಿತು. ತೊಗರಿಬೇಳೆಯ ತಿಳಿಸಾರು ಏನೂ ಮಾಡಲಿಲ್ಲ. ರಾತ್ರಿ ಈಗ ಜೋಳದ ನುಚ್ಚು ಮತ್ತು ಚೆನ್ನಾಗಿ ಕಡೆದ ಮಜ್ಜಿಗೆ, ಎಂಟರೊಳಗೆ. ಜೋಳದಲ್ಲಿ ಗೋಧಿಯಷ್ಟು ಫ್ರಕ್ಟಾನ್ ಇಲ್ಲ, ಹುದುಗಿದ ಮೊಸರಿನಲ್ಲಿ ಲ್ಯಾಕ್ಟೋಸ್ ಹಾಲಿಗಿಂತ ಕಡಿಮೆ. ಇಷ್ಟನ್ನು ತಿಳಿಯಲು ಬಾಟಲಿಗಳ ಅಗತ್ಯವಿಲ್ಲ, ಆಹಾರತಜ್ಞರೊಬ್ಬರ ಒಂದು ಭೇಟಿಯ ಶುಲ್ಕ ಈ ಬೆಲೆಗಿಂತ ಕಡಿಮೆಯಾದೀತು.

ಆದರೂ ಕೊಂಡು ನೋಡಬೇಕೆನ್ನುವವರು ಹಣ ಕಟ್ಟುವ ಮುಂಚೆ ಕೆಲವನ್ನು ಕೇಳಿಕೊಳ್ಳಲಿ: ಪ್ರತಿ ಬಾಟಲಿಯ ಸಕ್ಕರೆ ಎಷ್ಟು, ಸೇಬು ಮತ್ತು ಪೇರ್ ಇರುವ ಬಾಟಲಿಗಳ ಬದಲು ಅವಿಲ್ಲದವನ್ನು ಕೊಡುತ್ತಾರೆಯೇ, ಸೋರೆಕಾಯಿಯನ್ನು ಹಿಂಡುವ ಮುಂಚೆ ರುಚಿ ನೋಡುತ್ತಾರೆಯೇ, ತಂಪು ತಪ್ಪಿ ಬಂದ ಚೀಲವನ್ನು ಹಿಂದಕ್ಕೆ ಪಡೆಯುತ್ತಾರೆಯೇ. ಉತ್ತರ ಬರವಣಿಗೆಯಲ್ಲಿ ಬರದಿದ್ದರೆ ಕೊಳ್ಳಬೇಡಿ.