ಆರ್‌ವಿ-7 ಕಿಟ್ ವಿಮಾನ: ಹನ್ನೆರಡು ವರ್ಷಗಳ ಒಡನಾಟದ ನಂತರ ಲೋಹದ ಚೌಕಟ್ಟಿನ ಜೋಡಣೆಯ ಬಗ್ಗೆ

ಅಮೆರಿಕದ ಆರೆಗನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಸಂಸ್ಥೆಯಿಂದ, ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಕಟ್ಟಿಕೊಳ್ಳುವ ಪುಟ್ಟ ವಿಮಾನವಾದ ಆರ್‌ವಿ-7ರ ಬಾಲದ ಕಿಟ್ಟನ್ನು ನಾನು 2013ರಲ್ಲಿ ತರಿಸಿಕೊಂಡೆ. ಒಹಾಯೊದ ನಮ್ಮ ಮನೆಯ ಗ್ಯಾರೇಜಿನಲ್ಲಿ ಸಂಜೆ ಮತ್ತು ವಾರಾಂತ್ಯಗಳಲ್ಲಿ ದುಡಿದು, ದಿನಚರಿಯ ಲೆಕ್ಕದಂತೆ 2,140 ಗಂಟೆಗಳ ಕೆಲಸದ ನಂತರ, 2021ರಲ್ಲಿ ವಿಮಾನವನ್ನು ಹಾರಿಸಿದೆ. ಈವರೆಗೆ ಅದು 310 ಗಂಟೆ ಹಾರಿದೆ. ಎಂಜಿನ್ ಮತ್ತು ಉಪಕರಣ ಫಲಕದ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಕಿಟ್ ಕೊಳ್ಳುವ ಮುನ್ನ ನನಗೆ ತಿಳಿಯಬೇಕಾಗಿದ್ದುದು ಸ್ಪಾರ್ (ರೆಕ್ಕೆಯ ಉದ್ದದ ತೊಲೆ), ರಿಬ್ (ಅದಕ್ಕೆ ಅಡ್ಡವಾಗಿ ನಿಂತು ಆಕಾರ ಕೊಡುವ ಪಕ್ಕೆಲುಬು), ಹೊದಿಕೆ ತಗಡುಗಳು ಮನೆಯಲ್ಲಿ ಕುಳಿತವನ ಕೈಗೆ ಎಷ್ಟರಮಟ್ಟಿಗೆ ಒಗ್ಗುತ್ತವೆ ಎಂಬುದು. ಆದ್ದರಿಂದ ಅದನ್ನಷ್ಟೇ ಬರೆಯುತ್ತೇನೆ.

ತಗಡುಗಳಲ್ಲಿ ರಂಧ್ರಗಳನ್ನು ಕಾರ್ಖಾನೆಯಲ್ಲಿಯೇ ಯಂತ್ರದಿಂದ ಕೊರೆದಿರುತ್ತಾರೆ. ರಿಬ್‌ಗಳ ಅಂಚನ್ನು ನೇರಮಾಡಿ, ಹೊದಿಕೆಯನ್ನು ಮೇಲಿಟ್ಟು, 3/32 ಇಂಚಿನ ರಂಧ್ರಗಳಿಗೆ ಬೆಳ್ಳಿ ಬಣ್ಣದ ಮತ್ತು 1/8 ಇಂಚಿನವಕ್ಕೆ ತಾಮ್ರದ ಬಣ್ಣದ ಕ್ಲೆಕೋಗಳನ್ನು (ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಸ್ಪ್ರಿಂಗ್ ಪಿನ್ನುಗಳು) ಹಾಕುತ್ತಾ ಹೋದರೆ, ಇಡೀ ಭಾಗ ತಾನಾಗಿಯೇ ನೆಟ್ಟಗಾಗುತ್ತದೆ. ಮೊದಲ ದಿನ ಬಾಲದ ಅಡ್ಡರೆಕ್ಕೆ ಹೀಗೆ ಮೇಜಿನ ಮೇಲೆ ಆಕಾರ ಪಡೆದಾಗ ಆದ ಸಂತೋಷ ಇಂದಿಗೂ ಮಾಸಿಲ್ಲ. ಆದರೆ ಈ ನಿಖರತೆಯನ್ನು ನೋಡಿ ಜೋಡಣೆ ಮುಗಿಯಿತು ಎಂದುಕೊಳ್ಳಬಾರದು. ರಂಧ್ರವನ್ನು ಅಂತಿಮ ಅಳತೆಗೆ ಕೊರೆಯಬೇಕು, ಎಲ್ಲವನ್ನೂ ಮತ್ತೆ ಬಿಚ್ಚಬೇಕು, ಪ್ರತಿ ರಂಧ್ರದ ಎರಡೂ ಬದಿ ಕೊರೆತದಿಂದ ಎದ್ದ ಮುಳ್ಳನ್ನು ತೆಗೆಯಬೇಕು, ತಗಡಿನ ಅಂಚನ್ನು ಬೆರಳು ಸವರುವಷ್ಟು ನುಣುಪಾಗಿಸಬೇಕು, ಬಳಿಕ ರಿವೆಟ್ಟಿನ ತಲೆ ಕೂರುವ ಗುಳಿಯನ್ನು (ಡಿಂಪಲ್) ಒತ್ತಿ, ಪ್ರೈಮರ್ ಬಳಿದು, ಮತ್ತೆ ಜೋಡಿಸಿ ರಿವೆಟ್ ಹಾಕಬೇಕು. ನನ್ನ ಗಂಟೆಗಳಲ್ಲಿ ಹೆಚ್ಚಿನವು ಹೋದದ್ದು ಇಲ್ಲಿಯೇ. ಅಂಚಿನಲ್ಲಿ ಉಳಿದ ಸಣ್ಣ ಗೀರು ಮುಂದೆ ಬಿರುಕಿನ ಮೂಲವಾಗಬಲ್ಲದಾದ್ದರಿಂದ, ಆ ಸಮಯವನ್ನು ನಾನು ನಷ್ಟವೆಂದು ಎಣಿಸಿಲ್ಲ.

ಉಪಕರಣಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅಗ್ಗಕ್ಕೆ ಸಿಕ್ಕಿತೆಂದು ಒಬ್ಬ ಮಾರಾಟಗಾರನಿಂದ ಕೊಂಡ ಡಿಂಪಲ್ ಅಚ್ಚಿನ ಅಂಚು ಹರಿತವಾಗಿದ್ದು, ಪ್ರತಿ ಡಿಂಪಲ್ಲಿನ ಸುತ್ತಲೂ ಉಗುರಿಗೆ ಸಿಗುವಂಥ ಉಂಗುರದ ಗುರುತು ಬೀಳುತ್ತಿತ್ತು. ಚುಕ್ಕಾಣಿಯ ಒಂದು ಹೊದಿಕೆ ಹಾಳಾದ ಮೇಲೆಯೇ ಅದನ್ನು ಗಮನಿಸಿದೆ. ಉಳಿದೆಲ್ಲದರಲ್ಲಿ ಮಿತವ್ಯಯ ಮಾಡಿದರೂ ಅಚ್ಚು, ರೀಮರ್ (ರಂಧ್ರವನ್ನು ನಿಖರ ಅಳತೆಗೆ ತರುವ ಸಾಧನ) ಮತ್ತು ರಿವೆಟ್ಟನ್ನು ಎರಡೂ ಬದಿಯಿಂದ ಅದುಮುವ ಗಾಳಿಯೊತ್ತಡದ ಸ್ಕ್ವೀಜರ್‌ಗಳಲ್ಲಿ ಮಾಡಬೇಡಿ. ಸ್ಕ್ವೀಜರ್ ತಲುಪುವ ಕಡೆಯೆಲ್ಲ ರಿವೆಟ್ಟಿನ ಅದುಮಿದ ತುದಿ (ಬಾಲ) ಒಂದೇ ಅಳತೆಗೆ ಬರುತ್ತದೆ: 1/8 ಇಂಚಿನ ರಿವೆಟ್ಟಿಗೆ 3/16 ಇಂಚು ಅಗಲ, 1/16 ಇಂಚು ಎತ್ತರ. ಅದು ತಲುಪದ ಕಡೆ ಇಬ್ಬರು ಬೇಕು. ಹೆಂಡತಿ ಒಳಗಿನಿಂದ ಟಂಗ್‌ಸ್ಟನ್ ಬಕಿಂಗ್ ಬಾರ್ (ರಿವೆಟ್ಟಿನ ಬಾಲಕ್ಕೆ ಆನಿಸುವ ಭಾರದ ತುಂಡು) ಒತ್ತಿ ಹಿಡಿದು "ಹ್ಞೂಂ" ಎನ್ನುವವರೆಗೆ ನಾನು ರಿವೆಟ್ ಗನ್ನಿನ ಟ್ರಿಗರ್ ಮುಟ್ಟುತ್ತಿರಲಿಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಗಡಿನ ಕೆಲಸ ಮಾಡಿ ನಿವೃತ್ತರಾದ ನಮ್ಮ ಸೋದರಮಾವ ಒಂದು ಬೇಸಿಗೆ ಇಲ್ಲಿಗೆ ಬಂದಾಗ, ಮಾತಿಲ್ಲದೆ ರೆಕ್ಕೆಯ ಸಾಲಿನ ಮೇಲೆ ಅಂಗೈ ಸವರಿ, ನಾಲ್ಕು ರಿವೆಟ್‌ಗಳ ಮೇಲೆ ಪೆನ್ಸಿಲಿನ ಗುರುತು ಹಾಕಿದರು. ಆ ನಾಲ್ಕನ್ನೂ ಕೊರೆದು ತೆಗೆದೆವು. ಅವುಗಳಲ್ಲೊಂದರ ರಂಧ್ರ ನನ್ನ ಕೈಯಲ್ಲಿ ದೊಡ್ಡದಾಯಿತು. ತಲೆ ಚಿಕ್ಕದಿದ್ದು ಕಾಂಡ ಮಾತ್ರ 1/8 ಇಂಚು ಇರುವ ಎನ್‌ಎಎಸ್1097 ರಿವೆಟ್ ಅಲ್ಲಿ ಕೆಲಸಕ್ಕೆ ಬಂತು.

ಇಡೀ ಕಿಟ್ಟಿನಲ್ಲಿ ನನ್ನನ್ನು ಹೆಚ್ಚು ಕಾಲ ತಡೆದು ನಿಲ್ಲಿಸಿದ್ದು ಹಿಂಬದಿಯ ಸ್ಪಾರ್ ಅನ್ನು ಒಡಲಿಗೆ ಹಿಡಿಯುವ ಬೋಲ್ಟಿನ ರಂಧ್ರ. ಮುಖ್ಯ ಸ್ಪಾರ್ ಸೇರುವ ಜಾಗ ಮೊದಲೇ ನಿಗದಿಯಾಗಿರುತ್ತದೆ. ಹಿಂಬದಿಯದನ್ನು ಮಾತ್ರ, ರೆಕ್ಕೆಯ ಕೋನ ಹೊಂದಿಸಿದ ನಂತರ, ಕಟ್ಟುವವನೇ ಕೊರೆಯಬೇಕು. ಒಡಲನ್ನು ಉದ್ದಕ್ಕೂ ಅಡ್ಡಕ್ಕೂ ಮಟ್ಟಮಾಡಿ, ಅಳತೆಗಿಂತ ತುಸು ಸಣ್ಣದಾದ ತಾತ್ಕಾಲಿಕ ಬೋಲ್ಟುಗಳಿಂದ ರೆಕ್ಕೆಗಳನ್ನು ನಿಲ್ಲಿಸಿ, ಮುಂಬದಿಯ ಅಂಚಿನಿಂದ ನಾಲ್ಕು ತೂಗುಗುಂಡುಗಳನ್ನು ಇಳಿಬಿಟ್ಟು, ನಾಲ್ಕೂ ದಾರಗಳು ಒಂದೇ ಗೆರೆಗೆ ಬರುವವರೆಗೆ ರೆಕ್ಕೆಗಳನ್ನು ಕೂದಲೆಳೆಯಷ್ಟೇ ಸರಿಸಬೇಕು. ಬಳಿಕ ಎರಡೂ ರೆಕ್ಕೆಯ ತುದಿಯಿಂದ ಬಾಲದ ನಡುಗೆರೆಗೆ ಇರುವ ದೂರ ಸಮವಾಗಿರಬೇಕು, ಎರಡೂ ರೆಕ್ಕೆಗಳ ಕೋನ ಒಂದೇ ಆಗಿರಬೇಕು. ಇದೆಲ್ಲ ಕೂಡಿಬಂದರೂ 5/16 ಇಂಚಿನ ಬೋಲ್ಟಿನ ನಡುವಿನಿಂದ ಲೋಹದ ಅಂಚಿಗೆ ವ್ಯಾಸದ ಎರಡರಷ್ಟು, ಎಂದರೆ 5/8 ಇಂಚು, ಸ್ಪಾರಿನಲ್ಲೂ ಅದು ತೂರುವ ಒಡಲಿನ ಕವಲಿನಲ್ಲೂ ಉಳಿಯಬೇಕು. ಕವಲಿನ ಒಳಗೆ ಮರೆಯಾಗುವ ಅಂಚನ್ನು ನೋಡಲಾಗದ ಕಾರಣ, ರೆಕ್ಕೆ ಸೇರಿಸುವ ಮುನ್ನವೇ ಆ 5/8 ಇಂಚಿನ ಗೆರೆಗಳನ್ನು ಎರಡೂ ಭಾಗಗಳ ಮೇಲೆ ಎಳೆದಿಟ್ಟುಕೊಳ್ಳಿ. ನಾನು ಮೂರು ವಾರಾಂತ್ಯ ಅಳೆದೆ. ಮನೆಯಲ್ಲಿ ವಿಮಾನ ಕಟ್ಟುವವರ ಸಂಘವಾದ ಇಎಎಯ ಸ್ಥಳೀಯ ತಾಂತ್ರಿಕ ಸಲಹೆಗಾರರೊಬ್ಬರು ಉಚಿತವಾಗಿ ಬಂದು ಮತ್ತೊಮ್ಮೆ ಅಳೆದರು. ಕೊರೆಯಲು ಬೇಕಾದದ್ದು ಇಪ್ಪತ್ತು ನಿಮಿಷ. ವಿಮಾನ ಇಂದು ಕೈಬಿಟ್ಟರೂ ಯಾವ ಕಡೆಗೂ ವಾಲದೆ ಹಾರುತ್ತದೆ.

ಕಟ್ಟಿದವನೆಂಬ ಕಾರಣಕ್ಕೆ ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ಕೊಟ್ಟ ರಿಪೇರಿಮನ್ ಪ್ರಮಾಣಪತ್ರ ನನ್ನಲ್ಲಿರುವುದರಿಂದ ವಾರ್ಷಿಕ ಪರೀಕ್ಷೆಯನ್ನು ನಾನೇ ಮಾಡುತ್ತೇನೆ. ಎರಡನೆಯ ವರ್ಷ ಹೊಟ್ಟೆಯ ಭಾಗದ ಮೂರು ರಿವೆಟ್‌ಗಳ ಹಿಂದೆ ಕಪ್ಪು ಗೆರೆ ಕಂಡಿತು. ಸಡಿಲಗೊಂಡ ರಿವೆಟ್ ತಗಡಿಗೆ ಉಜ್ಜಿ ಹೊರಬರುವ ಪುಡಿಯ ಗುರುತು ಅದು. ದಿನಚರಿ ತೆಗೆದು ನೋಡಿದರೆ, ಮೂರೂ ಒಂದೇ ರಾತ್ರಿ ಹನ್ನೊಂದರ ನಂತರ ಹಾಕಿದವು. ಬದಲಿಸಿದ ಮೇಲೆ ಆ ಗೆರೆ ಮತ್ತೆ ಕಂಡಿಲ್ಲ. ತಗಡಿನ ಮೇಲಿನ ನೀಲಿ ಪ್ಲಾಸ್ಟಿಕ್ ಪೊರೆಯನ್ನು ವರ್ಷಗಟ್ಟಲೆ ಬಿಡಬೇಡಿ. ಅದರಡಿ ತೇವ ಸೇರಿ ಲೋಹ ತಿನ್ನಲು ತೊಡಗುತ್ತದೆ.

ಕೊಳ್ಳಬೇಕೆಂದಿರುವವರು ಮೊದಲು ಬಾಲದ ಕಿಟ್ಟನ್ನು ಮಾತ್ರ ತರಿಸಿಕೊಳ್ಳಿ. ರಂಧ್ರಗಳ ಮುಳ್ಳು ತೆಗೆಯುತ್ತಾ ಕಳೆದ ಒಂದು ಚಳಿಗಾಲದ ನಂತರವೂ ಗ್ಯಾರೇಜಿನ ದೀಪ ಹಾಕಲು ನಿಮ್ಮ ಕೈ ತಾನಾಗಿ ಹೋಗುತ್ತಿದ್ದರೆ, ರೆಕ್ಕೆಯ ಕಿಟ್ಟಿಗೆ ಹಣ ಕಳಿಸಿ.