ಸಿಮ್ ಬದಲಾಯಿತು, ಟವರ್ ಅದೇ: ಹಳ್ಳಿಮನೆಯ ಫೋನು, ಫೈಬರು, ಎರಡು ಮಳೆಗಾಲ

2023ರ ಜುಲೈಯಲ್ಲಿ ಮೂರು ದಿನ ಮಳೆ ಹೊಳವಾಗಿತ್ತು. ಅಡಿಕೆ ತೋಟ ಇರುವವರಿಗೆ ಇದರ ಅರ್ಥ ಗೊತ್ತು. ಕೊಳೆರೋಗ ಬಾರದಂತೆ ಎರಡನೇ ಸಲದ ಬೋರ್ಡೋ ದ್ರಾವಣ ಹೊಡೆಯಲು ಅಷ್ಟೇ ಅವಕಾಶ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಫೋನ್ ಮಾಡಲು ಜಗಲಿಗೆ ಬಂದೆ, ಅಂಗಳಕ್ಕೆ ಇಳಿದೆ, ದಣಪೆ ದಾಟಿ ಗುಡ್ಡ ಹತ್ತಿದೆ. ಸಿಗ್ನಲ್ ಇಲ್ಲ. ಅಂತೂ ಕರೆ ಹೋಗುವಷ್ಟರಲ್ಲಿ ಮಧ್ಯಾಹ್ನ. ಅವನು ಆಗಲೇ ಪಕ್ಕದೂರಿನ ತೋಟದಲ್ಲಿ ಮರದ ಮೇಲಿದ್ದ. ಆ ವರ್ಷ ನಮ್ಮ ಕೆಳಗಿನ ತೋಟಕ್ಕೆ ಕೊಳೆ ಬಂತು. ಅದಕ್ಕೆಲ್ಲ ಫೋನೇ ಕಾರಣ ಅನ್ನುವುದಿಲ್ಲ. ಆದರೆ ಕಂಪನಿ ಬದಲಿಸಿಯೇ ಸೈ ಅಂತ ತೀರ್ಮಾನಿಸಿದ್ದು ಅವತ್ತು.

ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕು. ಮನೆ ಕಣಿವೆಯಲ್ಲಿದೆ, ಸುತ್ತ ಸೊಪ್ಪಿನ ಬೆಟ್ಟ. ಮನೆಯಲ್ಲಿ ನಾಲ್ಕು ಜನ: ನಾನು, ಹೆಂಡತಿ, ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುವ ಮಗಳು, ಮತ್ತು ಕೀಪ್ಯಾಡ್ ಫೋನ್ ಬಿಟ್ಟು ಬೇರೇನೂ ಮುಟ್ಟದ ಆಯಿ. ಆಮೇಲೆ ಫೋನಿನ ಕಂಪನಿಯನ್ನೂ ಬದಲಿಸಿದೆ, ಬ್ರಾಡ್‌ಬ್ಯಾಂಡನ್ನೂ ಬದಲಿಸಿದೆ. ಮೊದಲನೆಯದು ಹೆಚ್ಚುಕಮ್ಮಿ ದಂಡ. ಎರಡನೆಯದರಿಂದ ಉಪಕಾರವಾಯಿತು. ನಾನು ಬಿಟ್ಟ, ಹಿಡಿದ ಕಂಪನಿಗಳ ಹೆಸರು ಬರೆಯುವುದಿಲ್ಲ. ನಮ್ಮ ಗುಡ್ಡದಲ್ಲಿ ಕೆಟ್ಟದಾಗಿರುವುದೇ ನಿಮ್ಮ ಗುಡ್ಡದಲ್ಲಿ ರಾಜನಂತೆ ಇರಬಹುದು. ಹೆಸರು ನೋಡಿ ನೀವು ಸಿಮ್ ತಗೊಂಡರೆ ಪಾಪ ನನಗೇ ಸುತ್ತಿಕೊಳ್ಳುತ್ತದೆ.

ಮೊದಲು ಫೋನಿನ ಕಥೆ. ಹಳೆ ಸಿಮ್ ಹದಿನಾಲ್ಕು ವರ್ಷದ್ದು. ನಂಬರ್ ಹೋಗಬಾರದು. ಸೊಸೈಟಿ, ಬ್ಯಾಂಕು, ಆಧಾರ್, ನೆಂಟರು ಎಲ್ಲರ ಹತ್ತಿರ ಇರುವುದು ಅದೇ. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ, ಅಂದರೆ ಪೋರ್ಟ್ ಮಾಡುವ ಅವಕಾಶ ದೇಶಕ್ಕೆಲ್ಲ 2011ರ ಜನವರಿಯಿಂದಲೇ ಇದೆ. ನಾನು ಅಷ್ಟು ವರ್ಷ ಸೋಮಾರಿತನದಿಂದ ಸುಮ್ನೆ ಇದ್ದೆ, ಅಷ್ಟೆ.

ದಾರಿ ಸುಲಭವೇ. ಮೆಸೇಜಿನಲ್ಲಿ ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಕಳಿಸಬೇಕು. ಯುಪಿಸಿ ಅನ್ನುವ, ಪೋರ್ಟ್ ಮಾಡಲು ಬೇಕಾದ ಎಂಟು ಅಕ್ಷರದ ಕೋಡ್ ಬರುತ್ತದೆ. ಅದಕ್ಕೆ ನಮ್ಮ ಕಡೆ ನಾಲ್ಕು ದಿನದ ಆಯುಷ್ಯ. ಅಷ್ಟರೊಳಗೆ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಪೇಟೆ ದೂರ ಇರುವವರು ಕೋಡ್ ತರಿಸಿಕೊಂಡು ಆಮೇಲೆ ಪೇಟೆಗೆ ಹೋಗುವ ದಿನ ಯೋಚಿಸಬೇಡಿ. ಅಂಗಡಿಯ ಬಾಗಿಲಲ್ಲಿ ನಿಂತೇ ಮೆಸೇಜ್ ಹಾಕಿ. ಒಂದೇ ವೃತ್ತದೊಳಗಾದರೆ, ಅಂದರೆ ಕರ್ನಾಟಕದಿಂದ ಕರ್ನಾಟಕಕ್ಕೆ, ಮೂರು ಕೆಲಸದ ದಿನದಲ್ಲಿ ಆಗಬೇಕು ಅನ್ನುವುದು 2019ರ ಡಿಸೆಂಬರಿನಿಂದ ಇರುವ ನಿಯಮ. ನನ್ನದು ಮೂರನೇ ದಿನ ರಾತ್ರಿ ಆಯಿತು. ಪೋಸ್ಟ್‌ಪೇಯ್ಡ್ ಇದ್ದವರು ಬಾಕಿ ಬಿಲ್ ಮೊದಲು ಕಟ್ಟಿ, ಇಲ್ಲದಿದ್ದರೆ ಕೋಡೇ ಬರುವುದಿಲ್ಲ. 2024ರ ಜುಲೈಯಿಂದ ಇನ್ನೊಂದು ನಿಯಮ ಸೇರಿದೆ. ಸಿಮ್ ಹಾಳಾಗಿ ಬದಲಿ ಸಿಮ್ ತಗೊಂಡಿದ್ದರೆ ಏಳು ದಿನ ಪೋರ್ಟ್ ಮಾಡಲು ಬಿಡುವುದಿಲ್ಲ. ಮೋಸ ತಡೆಯಲು ಮಾಡಿದ್ದು, ಒಳ್ಳೆಯದೇ.

ಕೋಡ್ ತರಿಸಿದ ಮೇಲೆ ಹಳೆ ಕಂಪನಿಯವರಿಗೆ ನನ್ನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಎರಡು ದಿನದಲ್ಲಿ ಐದು ಕರೆ. "ಸರ್, ಏನು ತೊಂದರೆ ಆಯ್ತು?" ಅಂತ ಒಬ್ಬಳು ಹುಡುಗಿ ಮೆತ್ತಗೆ ಕೇಳಿದಳು. ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ! ಉತ್ತರ ಹೇಳುವಷ್ಟರಲ್ಲಿ ಕರೆ ಕಟ್ಟಾಯಿತು. ನನ್ನ ಉತ್ತರ ಅದೇ ಆಗಿತ್ತು.

ಹೊಸ ಸಿಮ್ ಶುರುವಾದದ್ದು 2024ರ ಫೆಬ್ರವರಿಯಲ್ಲಿ. ಮೊದಲ ಮೂರು ತಿಂಗಳು ಸ್ವರ್ಗ. ಜಗಲಿಯಲ್ಲಿ ಕುಳಿತೇ ಮಾತು, ವಿಡಿಯೋ ಕೂಡ. ಊರಲ್ಲಿ ನಾಲ್ಕು ಜನರಿಗೆ ಹೇಳಿದೆ, ಇಬ್ಬರು ನನ್ನ ಮಾತು ಕೇಳಿ ಬದಲಿಸಿಯೂ ಬಿಟ್ಟರು.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಕರೆಂಟು ಹೋಯಿತು. ಸುಮಾರು ಎರಡು ತಾಸು ಕಳೆದಿರಬೇಕು, ನನ್ನ ಹೊಸ ಸಿಮ್ ಸತ್ತಿತು. ಪಕ್ಕದ ಮನೆಯವರದ್ದು ನನ್ನ ಹಳೆ ಕಂಪನಿ. ಅವರದ್ದೂ ಅದೇ ನಿಮಿಷಕ್ಕೆ ಸತ್ತಿತ್ತು. ಮರುದಿನ ಬೈಕ್ ಹತ್ತಿ ಟವರ್ ಇರುವ ಗುಡ್ಡಕ್ಕೆ ಹೋದೆ. ಇರುವುದು ಒಂದೇ ಕಬ್ಬಿಣದ ಗೋಪುರ. ಮೇಲೆ ಎರಡು ಸಾಲು ಆಂಟೆನಾ, ಕೆಳಗೆ ಬೇಲಿಯೊಳಗೆ ಒಂದೇ ಬ್ಯಾಟರಿ ಪೆಟ್ಟಿಗೆ. ಗೋಪುರ ಕಟ್ಟಿ ನೋಡಿಕೊಳ್ಳುವವರು ಬೇರೆ, ಅದರ ಮೇಲೆ ಜಾಗ ಬಾಡಿಗೆಗೆ ಹಿಡಿಯುವವರು ಈ ಫೋನ್ ಕಂಪನಿಗಳು. ನಾನು ಆಂಟೆನಾ ಬದಲಿಸಿದ್ದೆ. ಬ್ಯಾಟರಿ ಅದೇ, ಕರೆಂಟು ಅದೇ, ಬುಡದಲ್ಲಿರುವ ಕೇಬಲ್ಲೂ ಅದೇ. ರಸ್ತೆ ಅಗಲ ಮಾಡುವ ಜೆಸಿಬಿ ಆ ಕೇಬಲ್ ಕಿತ್ತರೆ ಎರಡೂ ಕಂಪನಿ ಒಟ್ಟಿಗೇ ಮಲಗುತ್ತವೆ.

ಮೂರು ತಿಂಗಳು ಸ್ವರ್ಗವಾಗಿದ್ದಕ್ಕೂ ಕಾರಣ ಇತ್ತು. ಹೊಸ ಕಂಪನಿಗೆ ನಮ್ಮ ಕಡೆ ಗಿರಾಕಿ ಕಡಿಮೆ. ರಾತ್ರಿ ಎಂಟರಿಂದ ಹತ್ತರವರೆಗೆ ಹಳೆಯದರಲ್ಲಿ ಎಲ್ಲರೂ ವಿಡಿಯೋ ನೋಡುತ್ತ ಟವರ್ ತುಂಬಿರುತ್ತಿತ್ತು, ಇದರಲ್ಲಿ ಖಾಲಿ. ಈಗ ನನ್ನಂಥವರು ಹತ್ತಾರು ಜನ ಆ ಕಡೆ ಜಿಗಿದಿದ್ದೇವೆ. ಚೌತಿ ಹಬ್ಬಕ್ಕೆ ಬೆಂಗಳೂರಿನವರೆಲ್ಲ ಊರಿಗೆ ಬಂದರೆ ಸಿಗ್ನಲ್ ಕಡ್ಡಿ ನಾಲ್ಕೂ ನಿಂತಿರುತ್ತವೆ, ಒಂದು ಫೋಟೋ ಹೋಗುವುದಿಲ್ಲ.

ವಾಪಸ್ ಹೋಗೋಣ ಅಂದರೆ ಒಂದು ಸಲ ಪೋರ್ಟ್ ಆದ ಮೇಲೆ ತೊಂಬತ್ತು ದಿನ ಅಲ್ಲೇ ಇರಬೇಕು. ಆ ತೊಂಬತ್ತು ದಿನ ನಾನು ಬೇಸಿಗೆಯಲ್ಲಿ ಕಳೆದಿದ್ದೆ. ಮಳೆಗಾಲದ ಪರೀಕ್ಷೆ ಬರುವ ಹೊತ್ತಿಗೆ ಹೋಗಲು ಬಾಗಿಲು ತೆರೆದಿತ್ತು, ಹೋಗಲು ಕಾರಣವೇ ಉಳಿದಿರಲಿಲ್ಲ.

ದುಡ್ಡಿನ ವಿಷಯ ಹೆಚ್ಚು ಬರೆಯುವುದಿಲ್ಲ. 2024ರ ಜುಲೈ ಮೊದಲ ವಾರ ಖಾಸಗಿ ಮೂರೂ ಕಂಪನಿಗಳು ಒಂದರ ಹಿಂದೆ ಒಂದು ದರ ಏರಿಸಿದವು. ಐದಿಪ್ಪತ್ತು ರೂಪಾಯಿ ಉಳಿಸಲು ಕಂಪನಿ ಬದಲಿಸುವುದರಲ್ಲಿ ಅರ್ಥ ಇಲ್ಲ. ಆಯಿಯ ಫೋನ್ ಮಾತ್ರ ಬೇರೆ ಲೆಕ್ಕ. ಅವಳಿಗೆ ಡೇಟಾ ಬೇಡ. 2025ರ ಜನವರಿಯಿಂದ ಬರೀ ಮಾತು ಮತ್ತು ಮೆಸೇಜಿನ ಪ್ಯಾಕ್ ಬಂದಿವೆ, ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್ ಹೇಳಿ ಮಾಡಿಸಿದ್ದು. ಆ ತಿಂಗಳ ಕೊನೆಗೆ 84 ದಿನಕ್ಕೆ ಜಿಯೋದಲ್ಲಿ 448, ಏರ್‌ಟೆಲ್‌ನಲ್ಲಿ 469 ರೂಪಾಯಿ ಇತ್ತು. ಆದರೆ ಹಳೆ 2ಜಿ ಕೀಪ್ಯಾಡ್ ಫೋನಿಗೆ ಜಿಯೋ ಸಿಮ್ ಹಾಕಿದರೆ ನಡೆಯುವುದಿಲ್ಲ, ಅವರಲ್ಲಿ 2ಜಿಯೇ ಇಲ್ಲ. ಮನೆಯ ಹಿರಿಯರ ಸಿಮ್ ಬದಲಿಸುವ ಮೊದಲು ಫೋನ್ ಯಾವುದು ಅಂತ ನೋಡಿಕೊಳ್ಳಿ. ನಮ್ಮ ಆಯಿ ಫೋನನ್ನೂ ಬದಲಿಸಲು ಬಿಡಲಿಲ್ಲ, ಸಿಮ್ಮನ್ನೂ ಬಿಡಲಿಲ್ಲ. "ಬಂದರೆ ಬರ್ತದೆ, ಇಲ್ಲದಿದ್ದರೆ ಇಲ್ಲ" ಅನ್ನುತ್ತಾಳೆ. ಮನೆಯಲ್ಲಿ ನೆಟ್‌ವರ್ಕಿನ ಚಿಂತೆ ಇಲ್ಲದವಳು ಅವಳೊಬ್ಬಳೇ.

ಇನ್ನು ಬ್ರಾಡ್‌ಬ್ಯಾಂಡ್. ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಇಲ್ಲಿದೆ.

ಮೊದಲ ಫೈಬರ್ ಎಳೆಸಿದ್ದು 2022ರಲ್ಲಿ. 50 ಎಂಬಿಪಿಎಸ್ ವೇಗ. ಆರು ತಿಂಗಳಿನದ್ದು ಒಟ್ಟಿಗೇ ಕಟ್ಟಿದರೆ ಒಂದು ತಿಂಗಳು ಪುಕ್ಕಟೆ ಅಂದರು, ಹಾಗೇ ಕಟ್ಟುತ್ತ ಬಂದೆ. ಕೇಬಲ್ ಬಂದದ್ದು ಕಾಡಿನ ದಾರಿಯಲ್ಲಿ, ಸುಮಾರು ಮೂರು ಕಿಲೋಮೀಟರ್, ಮರದಿಂದ ಮರಕ್ಕೆ. ಎಳೆಯುವಾಗ ನೋಡಲು ಚಂದ ಇತ್ತು. ಮಳೆಗಾಲದಲ್ಲಿ ಒಂದು ಮತ್ತಿ ಮರದ ಕೊಂಬೆ ಬಿದ್ದರೆ ಸಾಕು, ರೌಟರಿನ ಪಕ್ಕದ ಪೆಟ್ಟಿಗೆಯಲ್ಲಿ ಕೆಂಪು ದೀಪ. ಮಂಗಗಳು ಜಗ್ಗಿ ಆಡುವುದು ಬೇರೆ. 2024ರ ಜುಲೈಯಲ್ಲಿ ಹನ್ನೊಂದು ದಿನ ಸಂಪರ್ಕ ಇರಲಿಲ್ಲ. ಮಗಳು ದಿನಾ ಸ್ಕೂಟರ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅದಕ್ಕೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಸುತ್ತಿ, ಪೇಟೆಯ ನೆಂಟರ ಮನೆಗೆ ಹೋಗುತ್ತಿದ್ದಳು. ದೂರು ಕೊಟ್ಟರೆ ನಂಬರ್ ಕೊಡುತ್ತಾರೆ. ಮರುದಿನ ಆ ದೂರು ಬಗೆಹರಿದಿದೆ ಅಂತ ಮೆಸೇಜ್ ಬರುತ್ತದೆ. ಮೆಸೇಜ್ ನೋಡಲು ಗುಡ್ಡ ಹತ್ತಬೇಕು.

ಆ ವರ್ಷದ ಅಕ್ಟೋಬರಿನಲ್ಲಿ ಬದಲಿಸಿದೆ. ಈ ಸಲ ಪ್ಲ್ಯಾನ್ ಕೇಳಲಿಲ್ಲ, ವೇಗ ಕೇಳಲಿಲ್ಲ. ಕೇಬಲ್ ಎಳೆಯುವ ಹುಡುಗನನ್ನು ಕರೆದು ಚಾ ಕೊಟ್ಟು, "ತಂತಿ ಯಾವ ದಾರಿಯಲ್ಲಿ ಬರ್ತದೆ, ನಡೆದು ತೋರಿಸು ಮಾರಾಯ" ಅಂದೆ. ಇಬ್ಬರೂ ನಡೆದೆವು. ಡಾಂಬರು ರಸ್ತೆಯ ಬದಿ ಕಂಬಗಳ ಮೇಲೆ ಬಂದು, ಹೊಳೆ ದಾಟಿ, ನಮ್ಮ ತೋಟದ ಅಂಚಿನವರೆಗೆ ಬರುತ್ತದೆ. ಅಲ್ಲಿಂದ ಮನೆಗೆ ಇನ್ನೂರು ಮೀಟರ್. ಅಡಿಕೆ ಮರಕ್ಕೆ ಕಟ್ಟಬೇಡ, ಹಾಳೆ ಬೀಳ್ತದೆ ಅಂತ ಹೇಳಿ ಆ ಇನ್ನೂರು ಮೀಟರಿಗೆ ನಾನೇ ಹಳೆ ನೀರಾವರಿ ಪೈಪು ಕೊಟ್ಟು, ಅದರೊಳಗೆ ತೂರಿಸಿ ಬೇಲಿ ಬುಡದಲ್ಲಿ ಹೂಳಿಸಿದೆ. ವೇಗ 30 ಎಂಬಿಪಿಎಸ್, ಮೊದಲಿಗಿಂತ ಕಡಿಮೆ. ಮನೆಯಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. 2025ರ ಮಳೆಗಾಲದಲ್ಲಿ ಅತಿ ಹೆಚ್ಚು ಅಂದರೆ ಎರಡು ದಿನ ನಿಂತಿತ್ತು.

ಆ ಎರಡನೇ ದಿನ ಹುಡುಗ ಬಂದ. ಜಗಲಿಯ ಮೆಟ್ಟಿಲ ಮೇಲೆ ಕುಳಿತು ಕೇಬಲ್ ತುದಿಗೆ ಬೆಳಕು ಅಳೆಯುವ ಅಂಗೈಯಗಲದ ಮೀಟರ್ ಸಿಕ್ಕಿಸಿದ. ಮೈನಸ್ 29. ಮೈನಸ್ 27ರ ಆಚೆ ಹೋದರೆ ನಮ್ಮ ಪೆಟ್ಟಿಗೆಗೆ ಬೆಳಕು ಸಾಲುವುದಿಲ್ಲ ಅಂದ. ಹೊಳೆಯ ಹತ್ತಿರದ ಕಂಬದಲ್ಲಿ ಹಳೆ ಜೋಡಣೆಗೆ ನೀರು ಇಳಿದಿತ್ತು. ಹೋಗಿ ನಾನೇ ಛತ್ರಿ ಹಿಡಿದೆ. ಎಳೆಯ ಸಿಪ್ಪೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿ ನೇರ ಕತ್ತರಿಸಿ, ಎರಡು ತುದಿಗಳನ್ನು ಯಂತ್ರದೊಳಗೆ ಎದುರುಬದುರು ಇಟ್ಟ. ಕೂದಲಿನಷ್ಟು ತೆಳ್ಳಗಿನ ಗಾಜು ಪರದೆಯ ಮೇಲೆ ಎರಡು ಬೆಳ್ಳನೆಯ ಗೆರೆಯಾಗಿ ಕಂಡಿತು. ಚಟ್ ಅಂತ ಒಂದು ಕಿಡಿ, ಎರಡೂ ಒಂದಾದವು. ಜೋಡಣೆಯಲ್ಲಿ ಸೋರುವ ಬೆಳಕು ಬರೀ 0.02 ಡಿಬಿ ಅಂತ ಯಂತ್ರ ತೋರಿಸಿತು. ಮನೆಗೆ ಬಂದು ಮೀಟರ್ ಹಾಕಿದರೆ ಮೈನಸ್ 21. ಕೆಲಸಕ್ಕೆ ಹದಿನೈದು ನಿಮಿಷ ಸಾಕಾಯಿತು. ಅಷ್ಟರೊಳಗೆ ನನ್ನ ಬೆನ್ನೆಲ್ಲ ಒದ್ದೆ. ಈ ಹುಡುಗನ ಮನೆ ನಮ್ಮಿಂದ ನಾಲ್ಕು ಕಿಲೋಮೀಟರ್. ನಾನು ತಿಂಗಳು ತಿಂಗಳು ದುಡ್ಡು ಕಟ್ಟುತ್ತಿರುವುದು ಕಂಪನಿಗೆ ಅಂತ ನನಗೆ ಅನ್ನಿಸುವುದಿಲ್ಲ, ಈ ನಾಲ್ಕು ಕಿಲೋಮೀಟರಿಗೆ. ಅವನೇನಾದರೂ ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ ಈ ವಿಮರ್ಶೆಯನ್ನು ವಾಪಸ್ ಪಡೆಯುತ್ತೇನೆ.

ಮೊದಲ ಕಂಪನಿಗೆ ಕಟ್ಟಿದ್ದ ಮುಂಗಡದಲ್ಲಿ ನಾಲ್ಕು ತಿಂಗಳಿನದ್ದು ವಾಪಸ್ ಬರಲಿಲ್ಲ. ಹಳ್ಳಿಯಲ್ಲಿ ತಿಂಗಳಿಗಿಂತ ಜಾಸ್ತಿ ಮುಂಗಡ ಕಟ್ಟಬೇಡಿ, ಎಷ್ಟೇ ಪುಕ್ಕಟೆ ಅನ್ನಲಿ.

ಫೈಬರಿಗೆ ಕರೆಂಟಿನ ಸಮಸ್ಯೆ ಟವರಿನಷ್ಟು ಇಲ್ಲ. ನಮ್ಮ ಮನೆಯ ಪೆಟ್ಟಿಗೆಗೆ ಬೇಕಾಗಿರುವುದು 12 ವೋಲ್ಟ್, ಅದೂ ಚೂರೇ ಚೂರು. ರೌಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ತಂದು ಹಾಕಿದ್ದೇನೆ, ಮೂರೂವರೆ ತಾಸು ಬರುತ್ತದೆ. ಆಮೇಲೆ ಮನೆಯ ಇನ್ವರ್ಟರ್. ಆ ಕಡೆಯ ಪೆಟ್ಟಿಗೆ ಪೇಟೆಯಲ್ಲಿದೆ, ಅಲ್ಲಿ ಕರೆಂಟು ನಮ್ಮಷ್ಟು ಹೋಗುವುದಿಲ್ಲ. ಹಾಗಾಗಿ ಟವರ್ ಸತ್ತ ಮೇಲೂ ಮನೆಯಲ್ಲಿ ಇಂಟರ್ನೆಟ್ ಇರುತ್ತದೆ. ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಅಂತ ಒಂದು ಗುಂಡಿ ಇದೆ. ಅದನ್ನು ಒತ್ತಿದ ದಿನ, ಟವರೇ ಇಲ್ಲದೆ, ಅದೇ ನಂಬರಿನಿಂದ ಕೊನೆಗೌಡನಿಗೆ ಕರೆ ಹೋಯಿತು. ಮಗಳು ಅದನ್ನು ಎರಡು ವರ್ಷ ಮೊದಲೇ ಹೇಳಿದ್ದಳಂತೆ. ನನ್ನ ಫೋನಿನಲ್ಲಿ ಆ ಗುಂಡಿ ಅಷ್ಟೂ ದಿನ ಇತ್ತು. ಹಾಗಾದರೆ ಪೋರ್ಟ್ ಯಾಕೆ ಮಾಡಿದ್ದು ಅಂತ ಕೇಳಬೇಡಿ. ಹೆಂಡತಿ ಕೇಳಿ ಆಗಿದೆ.

ಈಗಲೂ ಬದಲಿಸುವ ಯೋಚನೆಯಲ್ಲಿ ಇರುವವರಿಗೆ: ಪೋರ್ಟ್ ಮಾಡುವ ಮೊದಲು ಆ ಕಂಪನಿಯ ಇನ್ನೊಂದು ಸಿಮ್ ತಗೊಂಡು ಜುಲೈ ತಿಂಗಳು ಪೂರ್ತಿ ಎರಡನೇ ಗೂಡಿನಲ್ಲಿ ಹಾಕಿ ನೋಡಿ. ಕಂಪನಿಗಳು ತಮ್ಮ ಜಾಲತಾಣದಲ್ಲಿ ಸಿಗ್ನಲ್ಲಿನ ನಕ್ಷೆ ಹಾಕಬೇಕು ಅಂತ ಟ್ರಾಯ್ ನಿಯಮ ಮಾಡಿದೆ. ಒಂದು ಕಂಪನಿಯ ನಕ್ಷೆಯಲ್ಲಿ ನಮ್ಮ ಮನೆ, ಕೊಟ್ಟಿಗೆ, ಹಿಂದಿನ ಬೆಟ್ಟ ಎಲ್ಲ ಅಚ್ಚ ಹಸಿರು. ಬೆಟ್ಟ ಹಸಿರಾಗಿರುವುದು ನಿಜ. ಕಡ್ಡಿ ನೋಡಿಯೂ ನಂಬಬೇಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗಿನಲ್ಲಿ ಸಿಮ್ ಸ್ಟೇಟಸ್ ತೆರೆದರೆ ಡಿಬಿಎಂ ಅಂತ, ಸಿಗ್ನಲ್ಲಿನ ಬಲ ಹೇಳುವ ಒಂದು ಮೈನಸ್ ಸಂಖ್ಯೆ ಇರುತ್ತದೆ. 4ಜಿಯಲ್ಲಿ ಮೈನಸ್ 95ರ ಆಸುಪಾಸು ಇದ್ದರೆ ಮಾತಿಗೆ ಧಾರಾಳ. 110 ದಾಟಿದರೆ ಒದ್ದಾಟ. 120 ಅಂದರೆ ಗುಡ್ಡ ಹತ್ತಿ.

ನಾನು ಈಗ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಇದನ್ನು ಬರೆದಿಡುತ್ತಿದ್ದೇನೆ. ಹೊಳೆಯಾಚೆಯ ಊರಿನಲ್ಲಿ ಹೊಸದೊಂದು ಟವರ್ ಎದ್ದಿದೆ, ಮೂರನೆಯ ಕಂಪನಿಯದ್ದು. ಅದರ ಬ್ಯಾಟರಿ ಬೇರೆ, ಕರೆಂಟಿನ ಲೈನೂ ಬೇರೆ. ಆ ಸಿಮ್ ತಂದು ಒಂದು ತಿಂಗಳಾಯಿತು. ಜಗಲಿ 104, ಅಡುಗೆಮನೆ 113, ಕೊಟ್ಟಿಗೆ 99. ಯಾಕೋ ಕೊಟ್ಟಿಗೆಯಲ್ಲೇ ಚೆನ್ನಾಗಿದೆ. ಮುಖ್ಯ ನಂಬರನ್ನು ಇನ್ನೂ ಅಲ್ಲಿಗೆ ಪೋರ್ಟ್ ಮಾಡಿಲ್ಲ. ಜುಲೈ ಬರಲಿ.